ಸಾಲ ಮಾಡಿದವರು, ಅಡವಿಟ್ಟವರು

ಮನೆಗೆ ಕಷ್ಟ ಬಂದಾಗ ಮೊದಲು ಹುಟ್ಟುವ ಪ್ರಶ್ನೆ ‘ಇದಕ್ಕೆ ಯಾರು ಕಾರಣ?’ ಎಂಬುದು. ‘ಈಗ ಏನು ಮಾಡೋಣ?’ ಎಂಬ ಪ್ರಶ್ನೆ ಹುಟ್ಟುವುದು ಸ್ವಲ್ಪ ತಡವಾಗಿ. ದೇಶಕ್ಕೆ ಕಷ್ಟ ಬಂದಾಗಲೂ ಕ್ರಮ ಇದೇ. ಆರ್ಥಿಕ ಸಂಕಟಕ್ಕೆ ಹೊಣೆ ಯಾರು, ಅದರಿಂದ ಪಾರಾಗುವ ದಾರಿ ಯಾವುದು ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಆಕಾಶವಾಣಿಯವರು ಕರೆದಾಗ, ಜೀವನವೆಲ್ಲ ಕನ್ನಡ ಪಾಠ ಹೇಳಿಕೊಂಡು ಬಂದವನಿಗೆ ಈ ವಿಷಯವೇಕೆ ಎಂದು ನಾನು ಕೇಳಬಹುದಾಗಿತ್ತು. ಕೇಳಲಿಲ್ಲ. ಹಣದ ಲೆಕ್ಕವನ್ನು ಅರ್ಥಶಾಸ್ತ್ರಜ್ಞರು ಬಲ್ಲರು. ಆದರೆ ಕಾರಣ, ಹೊಣೆ, ತಪ್ಪು ಎಂಬ ಮೂರು ಮಾತುಗಳಿವೆಯಲ್ಲ, ಇವುಗಳನ್ನು ಒಂದರ ಜಾಗದಲ್ಲಿ ಇನ್ನೊಂದನ್ನಿಟ್ಟು ನಾವೆಷ್ಟು ಗೊಂದಲ ಮಾಡಿಕೊಳ್ಳುತ್ತೇವೆಂಬುದನ್ನು ಹೇಳುವ ಅಧಿಕಾರ ಭಾಷೆಯ ಮೇಷ್ಟರಿಗೂ ಉಂಟು.

1991ನೆಯ ಇಸವಿಯ ಸಂಗತಿಯನ್ನೇ ಹಿಡಿದು ಮಾತನಾಡುತ್ತೇನೆ. ಈಚಿನ ಸಂಕಟಗಳು ಬೇಕಾದಷ್ಟಿವೆ: 2008ರ ಅಮೆರಿಕದ ಬ್ಯಾಂಕುಗಳದು, 2020ರ ಮಹಾಮಾರಿಯದು, 2022ರಲ್ಲಿ ನೆರೆಯ ಶ್ರೀಲಂಕಾದ್ದು. ಆದರೆ ಹತ್ತಿರದ ಸಂಗತಿಯನ್ನೆತ್ತಿದರೆ ಕೇಳುವವರು ಮೊದಲು ಮಾತನಾಡುವವನ ಪಕ್ಷ ಯಾವುದೆಂದು ನೋಡುತ್ತಾರೆ. 1991 ಕಳೆದು ಮೂವತ್ತು ವರ್ಷಗಳ ಮೇಲಾಯಿತು. ಅಂದಿನ ಮುಖ್ಯ ಪಾತ್ರಧಾರಿಗಳಲ್ಲಿ ಹೆಚ್ಚಿನವರು ಇಂದು ನಮ್ಮೊಡನಿಲ್ಲ. ಈಗ ಸಿಟ್ಟಿಲ್ಲದೆ ನೋಡಬಹುದು.

ಆಗ ನಾನು ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಎಳೆಯ ಅಧ್ಯಾಪಕ. ಸಂಜೆ ಊರಿನ ವಾಚನಾಲಯಕ್ಕೆ ಹೋಗುವುದು ರೂಢಿ. ಜುಲೈ ತಿಂಗಳ ಮೊದಲ ವಾರ ರೂಪಾಯಿಯ ‘ಅಪಮೌಲ್ಯ’ದ ಸುದ್ದಿ ಬಂತು. ಜುಲೈ 1ರಂದು ಒಮ್ಮೆ, 3ರಂದು ಮತ್ತೊಮ್ಮೆ. 21 ರೂಪಾಯಿಗೆ ಸಿಕ್ಕುತ್ತಿದ್ದ ಡಾಲರಿಗೆ 26 ರೂಪಾಯಿಯ ಹತ್ತಿರ ಕೊಡಬೇಕಾಯಿತು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದ ಹಿರಿಯರೊಬ್ಬರು ಪತ್ರಿಕೆಯನ್ನು ನನ್ನ ಕಡೆ ಚಾಚಿ, “ಮೇಷ್ಟ್ರೇ, ರೂಪಾಯಿಗೆ ಅವಮಾನ ಆಯ್ತಂತಲ್ಲ, ಮಾಡಿದೋರು ಯಾರು?” ಎಂದು ಕೇಳಿದರು. ನಾನು ಶಬ್ದವನ್ನು ತಿದ್ದಿದೆ. ಅವರ ಪ್ರಶ್ನೆಯನ್ನು ತಿದ್ದುವಂತಿರಲಿಲ್ಲ.

ರೂಪಾಯಿಗಿಂತ ಹೆಚ್ಚಾಗಿ ಜನರ ಮನಸ್ಸನ್ನು ಕಲಕಿದ್ದು ಚಿನ್ನ. ನಡೆದದ್ದು ಇಷ್ಟು. ವಿದೇಶಗಳಿಂದ ಎಣ್ಣೆ, ಗೊಬ್ಬರ, ಯಂತ್ರಗಳನ್ನು ತರಿಸಿಕೊಳ್ಳುವ ದೇಶಕ್ಕೆ ವಿದೇಶೀ ನಾಣ್ಯದ ದಾಸ್ತಾನು ಬೇಕು. 1991ರ ಬೇಸಗೆಯ ವೇಳೆಗೆ ಅದು ನೂರು ಕೋಟಿ ಡಾಲರಿನ ಆಸುಪಾಸಿಗೆ ಇಳಿದಿತ್ತು. ಎರಡು ಮೂರು ವಾರದ ಆಮದಿಗೆ ಸಾಲುವಷ್ಟು ಮಾತ್ರ. ಅದು ತೀರಿದರೆ ಹಳೆಯ ಸಾಲದ ಕಂತಿಗೂ ಗತಿಯಿಲ್ಲ. ಹಿಂದೆಂದೂ ಕಂತು ತಪ್ಪಿಸದ ದೇಶವೆಂಬ ಹೆಸರು ಹೋಗುತ್ತಿತ್ತು. ಆ ಮೇ ತಿಂಗಳಲ್ಲಿ, ಕಳ್ಳಸಾಗಣೆದಾರರಿಂದ ವಶಪಡಿಸಿಕೊಂಡು ಸರ್ಕಾರದ ಬಳಿ ಇದ್ದ ಚಿನ್ನದಲ್ಲಿ 20 ಟನ್ನನ್ನು ಸ್ಟೇಟ್ ಬ್ಯಾಂಕಿನ ಮೂಲಕ ಸ್ವಿಟ್ಜರ್ಲೆಂಡಿನ ಬ್ಯಾಂಕೊಂದಕ್ಕೆ ಮಾರಲಾಯಿತು. ಬೇಕೆಂದಾಗ ಮರಳಿ ಕೊಳ್ಳಬಹುದೆಂಬ ಷರತ್ತಿನ ಮೇಲೆ. ಬಂದದ್ದು ಸುಮಾರು 20 ಕೋಟಿ ಡಾಲರು. ಜುಲೈಯಲ್ಲಿ ರಿಸರ್ವ್ ಬ್ಯಾಂಕಿನದೇ ಸುಮಾರು 47 ಟನ್ ಚಿನ್ನವನ್ನು ಕಂತು ಕಂತಾಗಿ ವಿಮಾನದಲ್ಲಿ ಲಂಡನ್ನಿಗೆ ಸಾಗಿಸಿ, ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳಿಂದ ಸುಮಾರು 40 ಕೋಟಿ ಡಾಲರು ಸಾಲ ಪಡೆದರು. ಮುಂಬಯಿಯಲ್ಲಿ ವಿಮಾನ ನಿಲ್ದಾಣಕ್ಕೆ ಚಿನ್ನ ಹೊತ್ತು ಹೊರಟಿದ್ದ ಗಾಡಿಗಳಲ್ಲಿ ಒಂದು ದಾರಿಯಲ್ಲಿ ಕೆಟ್ಟು ನಿಂತು ಅಧಿಕಾರಿಗಳು ಗಾಬರಿಗೊಂಡರೆಂಬ ಸಂಗತಿ ಎಷ್ಟೋ ವರ್ಷಗಳ ಮೇಲೆ ಹೊರಬಂತು.

ಮೇ ತಿಂಗಳಿನದು ಮಾರಾಟ, ಜುಲೈಯದು ಅಡವು. ಕನ್ನಡದಲ್ಲಿ ಅಡವು, ಒತ್ತೆ, ಗಿರವಿ ಎಂದು ಮೂರು ಶಬ್ದಗಳಿವೆ. ಮೂರರಲ್ಲಿಯೂ ‘ಬಿಡಿಸಿಕೊಳ್ಳುವುದು’ ಎಂಬ ಎರಡನೆಯ ಅರ್ಧ ಅಡಗಿದೆ. ಬಿಡಿಸಿಕೊಳ್ಳುವ ಆಸೆಯಿಲ್ಲದೆ ಯಾರೂ ಅಡವಿಡುವುದಿಲ್ಲ. ಆದರೆ ನಮ್ಮ ಜನ ಆ ಎರಡನೆಯ ಅರ್ಧವನ್ನು ಗಮನಿಸುವುದು ಕಡಿಮೆ. ಮನೆಯ ಚಿನ್ನ ಹೊಸ್ತಿಲು ದಾಟಿತೆಂದರೆ ಮಾನ ದಾಟಿತೆಂದೇ ಲೆಕ್ಕ. ಮೇ ತಿಂಗಳಲ್ಲಿ ಪ್ರಧಾನಿಯಾಗಿದ್ದವರು ಚಂದ್ರಶೇಖರ್, ಅರ್ಥಮಂತ್ರಿ ಯಶವಂತ ಸಿನ್ಹಾ. ಜುಲೈಯ ಹೊತ್ತಿಗೆ ಪಿ. ವಿ. ನರಸಿಂಹರಾವ್ ಮತ್ತು ಮನಮೋಹನ ಸಿಂಗ್ ಬಂದಿದ್ದರು. ಜನರ ನೆನಪಿನಲ್ಲಿ ಎರಡೂ ಕಲೆತು ‘ಚಿನ್ನ ಅಡವಿಟ್ಟ ಸರ್ಕಾರ’ ಎಂಬ ಅಪಕೀರ್ತಿ ಚಂದ್ರಶೇಖರರ ಹೆಸರಿಗೇ ಅಂಟಿಕೊಂಡಿತು. ಅವರು ಅಧಿಕಾರಕ್ಕೆ ಬಂದದ್ದು 1990ರ ನವೆಂಬರಿನಲ್ಲಿ. 1991ರ ಮಾರ್ಚಿ 6ರಂದು ರಾಜೀನಾಮೆ ಕೊಟ್ಟು, ಆಮೇಲೆ ಚುನಾವಣೆ ಮುಗಿಯುವವರೆಗೆ ಉಸ್ತುವಾರಿಗಷ್ಟೇ ಉಳಿದವರು. ಬೆಂಬಲವಿಲ್ಲದ್ದರಿಂದ ಪೂರ್ಣ ಮುಂಗಡಪತ್ರವನ್ನು ಮಂಡಿಸುವ ಅವಕಾಶವೂ ಅವರಿಗಿರಲಿಲ್ಲ. ಕೆಲವೇ ತಿಂಗಳು ಕುರ್ಚಿಯಲ್ಲಿ ಕುಳಿತವರು ದೇಶವನ್ನು ಅಷ್ಟು ಬೇಗ ಬರಿದುಮಾಡಬಲ್ಲರೆ?

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳಬೇಕು. ನಮ್ಮದು ಕೂಡುಕುಟುಂಬ, ಯಜಮಾನಿಕೆ ದೊಡ್ಡಪ್ಪನವರದು. ಉದಾರಿ. ಮದುವೆ ಮಾಡಿದರೆ ಮೂರು ಊರಿಗೆ ಊಟ. ಜಾತ್ರೆಗೆ ಬಂದವರಿಗೆ ಚಪ್ಪರ ಹಾಕಿಸಿ ಪಾನಕ. ಪಂಪುಸೆಟ್ಟು ಊರಿಗೆ ಮೊದಲು ಬಂದದ್ದು ನಮ್ಮ ಗದ್ದೆಗೆ. ಅವರು ತೀರಿಕೊಂಡ ತಿಂಗಳೊಳಗೆ ಒಬ್ಬೊಬ್ಬರಾಗಿ ಸಾಲಗಾರರು ಬಂದು ಜಗಲಿಯ ಮೇಲೆ ಕುಳಿತರು. ಯಜಮಾನಿಕೆ ನಮ್ಮ ತಂದೆಯವರ ತಲೆಗೆ ಬಂದಿತ್ತು. ಅವರು ಒಂದು ರಾತ್ರಿ ಮನೆಯವರನ್ನೆಲ್ಲ, ಹುಡುಗರಾದ ನಮ್ಮನ್ನೂ ಸೇರಿಸಿ, ನಡುಮನೆಯಲ್ಲಿ ಕೂರಿಸಿ ಒಂದು ಕಾಗದವನ್ನು ಮುಂದಿಟ್ಟರು. “ಇದು ಸಾಲದ ಪಟ್ಟಿ. ಯಾರು ಎಷ್ಟು ಉಂಡರು ಅನ್ನೋದನ್ನ ಆಮೇಲೆ ನೋಡೋಣ. ಎಷ್ಟಿದೆ ಅನ್ನೋದನ್ನ ಮೊದಲು ಎಲ್ಲರೂ ನೋಡಿ” ಎಂದರು. ದೊಡ್ಡಮ್ಮ ಕೈಬಳೆ ಬಿಚ್ಚಲು ಹೋದರು. “ಬೇಡ ಅತ್ತಿಗೆ, ನಿಮ್ಮದು ಮುಟ್ಟೋದಿಲ್ಲ” ಎಂದು ಹೇಳಿ, ತಾಯಿಯವರ ಕಾಸಿನ ಸರವನ್ನು ಮರುದಿನ ಪೇಟೆಗೆ ಕೊಂಡೊಯ್ದು ಅಡವಿಟ್ಟು ಬಂದರು. ಆ ವರ್ಷ ದೀಪಾವಳಿಗೆ ಮನೆಯಲ್ಲಿ ಯಾರಿಗೂ ಹೊಸ ಬಟ್ಟೆಯಿಲ್ಲ, ತಂದೆಯವರಿಗೂ ಇಲ್ಲ. ಆದರೆ ನಮ್ಮ ಶಾಲೆಯ ಫೀಜು ನಿಲ್ಲಲಿಲ್ಲ, ಎತ್ತುಗಳನ್ನು ಮಾರಲಿಲ್ಲ. ಬೆಲ್ಲದ ಹಣದಲ್ಲಿ ಸರವನ್ನು ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಊರಿನವರ ಬಾಯಲ್ಲಿ ಮಾತ್ರ ದೊಡ್ಡಪ್ಪನವರು ಕೊನೆಯವರೆಗೂ ‘ದೊಡ್ಡ ಕೈ’. ನಮ್ಮ ತಂದೆಯವರು ‘ಹೆಂಡತಿಯ ಸರ ಅಡವಿಟ್ಟವನು’.

ಈ ಎರಡು ಹೆಸರುಗಳ ನಡುವಣ ಅನ್ಯಾಯ 1991ರಲ್ಲಿಯೂ ನಡೆಯಿತೆಂದು ನನ್ನ ಅಭಿಪ್ರಾಯ. ಸಾಲ ತೀರಿಸುವವನ ಕೆಲಸ ಕಣ್ಣಿಗೆ ಕಾಣುತ್ತದೆ. ಸಾಲ ಮಾಡಿದವನ ಕೆಲಸ ಹಬ್ಬದೂಟದಂತೆ ಹೊಟ್ಟೆಯೊಳಗೆ ಹೋಗಿ ಕಾಣದಾಗುತ್ತದೆ.

ಹಾಗಾದರೆ ಹಬ್ಬ ನಡೆದದ್ದು ಯಾವಾಗ? ಎಂಬತ್ತರ ದಶಕದಲ್ಲಿ. ಆ ಹತ್ತು ವರ್ಷ ದೇಶ ಹಿಂದಿನ ದಶಕಗಳಿಗಿಂತ ವೇಗವಾಗಿ ಬೆಳೆಯಿತು, ವರ್ಷಕ್ಕೆ ಸುಮಾರು ಶೇಕಡ 5.5ರಂತೆ. ಬಣ್ಣದ ದೂರದರ್ಶನ 1982ರ ಏಷ್ಯನ್ ಕ್ರೀಡಾಕೂಟದೊಡನೆ ಬಂತು. ಮಾರುತಿ ಕಾರು 1983ರ ಡಿಸೆಂಬರಿನಲ್ಲಿ ರಸ್ತೆಗಿಳಿಯಿತು. ಎರಡಕ್ಕೂ ಮೊದಮೊದಲು ಬಿಡಿಭಾಗಗಳು ಹೊರಗಿನಿಂದಲೇ ಬರಬೇಕಿತ್ತು. ಸೇನೆಗೆ ದುಬಾರಿ ಆಯುಧಗಳು ಬಂದವು. ನಾಲ್ಕನೆಯ ವೇತನ ಆಯೋಗದ ಶಿಫಾರಸಿನಂತೆ 1986ರಿಂದ ಕೇಂದ್ರದ ನೌಕರರ ಸಂಬಳ ಏರಿತು. ಕಾಲೇಜು ಅಧ್ಯಾಪಕರಿಗೂ ಹೊಸ ವೇತನ ಶ್ರೇಣಿ ಬಂತು. ಅಧ್ಯಾಪಕರ ಕೊಠಡಿಯಲ್ಲಿ ಆ ವರ್ಷ ನಾವು ಸ್ಕೂಟರಿನ ಮಾತಾಡಿದೆವೇ ಹೊರತು ಸರ್ಕಾರದ ಸಾಲದ ಮಾತಾಡಿದ್ದು ನನಗೆ ನೆನಪಿಲ್ಲ. ಇವುಗಳಲ್ಲಿ ಯಾವುದನ್ನೂ ಬಿಡಿಯಾಗಿ ತೆಗೆದು ತಪ್ಪೆನ್ನಲಾಗದು. ಒಟ್ಟು ಮೊತ್ತವನ್ನು ನೋಡುವವರಿರಲಿಲ್ಲ. 1980ರಲ್ಲಿ ಸುಮಾರು 2,000 ಕೋಟಿ ಡಾಲರಿದ್ದ ವಿದೇಶೀ ಸಾಲ 1991ರ ಮಾರ್ಚಿಗೆ 8,300 ಕೋಟಿ ಡಾಲರನ್ನು ದಾಟಿತ್ತು. ಅದರಲ್ಲಿ ಒಂದು ಭಾಗ, ವರ್ಷದೊಳಗೆ ಹಿಂದಿರುಗಿಸಬೇಕಾದ ಕೈಸಾಲ. ಇನ್ನೊಂದು ಭಾಗ, ಬೇಕೆಂದಾಗ ವಾಪಸು ತೆಗೆದುಕೊಳ್ಳಬಹುದಾದ ಅನಿವಾಸಿಗಳ ಠೇವಣಿ. ಕೇಂದ್ರ ಸರ್ಕಾರ ಗಳಿಕೆಗಿಂತ ಹೆಚ್ಚು ಖರ್ಚುಮಾಡಿ ಸಾಲದಿಂದ ತುಂಬಿಕೊಳ್ಳುತ್ತಿದ್ದ ಕೊರತೆ ದೇಶದ ಒಟ್ಟು ಉತ್ಪನ್ನದ ಶೇಕಡ 8ರ ಸುತ್ತ ಮುಟ್ಟಿತ್ತು.

ಇದು ಆಳುವವರಿಗೆ ತಿಳಿದಿರಲಿಲ್ಲವೆ? ತಿಳಿದಿತ್ತು. 1989ರ ಡಿಸೆಂಬರಿನಲ್ಲಿ ಪ್ರಧಾನಿಯಾದ ವಿ. ಪಿ. ಸಿಂಗರು ಖಜಾನೆ ಬರಿದಾಗಿದೆಯೆಂದು ಬಹಿರಂಗವಾಗಿಯೇ ಹೇಳಿದರು. ಅದೇ ಸರ್ಕಾರ 1990ರಲ್ಲಿ 10,000 ರೂಪಾಯಿಯವರೆಗಿನ ಕೃಷಿಸಾಲವನ್ನು ಮನ್ನಾ ಮಾಡಿತು. ರೈತನ ಕಷ್ಟ ನಿಜವೇ, ಅದನ್ನು ಹಳ್ಳಿಯಲ್ಲಿ ಹುಟ್ಟಿದ ನಾನು ಅಲ್ಲಗಳೆಯಲಾರೆ; ಆದರೆ ಬರಿದಾದ ಪೆಟ್ಟಿಗೆಯಿಂದ ದಾನ ಹೊರಡುವುದಾದರೆ ಅದು ಮತ್ತೊಂದು ಸಾಲವೇ ಅಲ್ಲವೆ? ಇನ್ನೊಂದು ಸಂಗತಿ: 1984ರ ಕೊನೆಯಿಂದ 1987ರ ಆರಂಭದವರೆಗೆ ಅದೇ ಖಜಾನೆಯ ಬೀಗದ ಕೈ ರಾಜೀವ್ ಗಾಂಧಿಯವರ ಅರ್ಥಮಂತ್ರಿಯಾಗಿದ್ದ ಇದೇ ವಿ. ಪಿ. ಸಿಂಗರ ಬಳಿ ಇತ್ತು. ಅವರ ಮೇಲೆಯೇ ಎಲ್ಲವನ್ನೂ ಹೊರಿಸಬೇಕಾಗಿಯೂ ಇಲ್ಲ. ಮುಂದೆ ದೇಶವನ್ನು ದಡ ಮುಟ್ಟಿಸಿದರೆಂದು ಕೀರ್ತಿ ಪಡೆದ ನರಸಿಂಹರಾಯರು ರಾಜೀವರ ಸಂಪುಟದಲ್ಲಿದ್ದವರು. ಮನಮೋಹನ ಸಿಂಗರು ರಿಸರ್ವ್ ಬ್ಯಾಂಕಿನ ಗವರ್ನರಾಗಿ, ಆಮೇಲೆ ಯೋಜನಾ ಆಯೋಗದ ಉಪಾಧ್ಯಕ್ಷರಾಗಿ ಆ ದಶಕದ ಬಹುಭಾಗ ಆ ಮನೆಯ ಒಳಗೇ ಇದ್ದವರು. ವೈದ್ಯರಾಗಿ ಬಂದವರು ಹೊರಗಿನವರೇನಲ್ಲ.

ಆ ದಿನಗಳಲ್ಲಿ ಕ್ಷೌರದಂಗಡಿಯಿಂದ ಸಂಸತ್ತಿನವರೆಗೆ ಸುಲಭವಾಗಿ ಸಿಕ್ಕ ಅಪರಾಧಿ ಸದ್ದಾಂ ಹುಸೇನ್. 1990ರ ಆಗಸ್ಟ್ 2ರಂದು ಇರಾಕ್ ಕುವೈತಿನ ಮೇಲೆ ಬಿದ್ದಿತು. ಪೀಪಾಯಿಗೆ 20 ಡಾಲರಿಗಿಂತ ಕಡಿಮೆಯಿದ್ದ ಕಚ್ಚಾ ಎಣ್ಣೆ ಅಕ್ಟೋಬರಿನ ವೇಳೆಗೆ ಸುಮಾರು ಎರಡು ಪಟ್ಟಾಯಿತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನಗಳಲ್ಲಿ ಕರೆತರಬೇಕಾಯಿತು. ಅವರಲ್ಲಿ ನಮ್ಮ ಕರಾವಳಿಯವರೂ ಇದ್ದರು. ತಿಂಗಳು ತಿಂಗಳೂ ಮನೆಗೆ ಹಣ ಕಳಿಸುತ್ತಿದ್ದವರು ಉಟ್ಟ ಬಟ್ಟೆಯಲ್ಲಿ ಬಂದಿಳಿದರು. ಇದೆಲ್ಲ ಸತ್ಯ. ಇದನ್ನು ನಾನು ‘ಕಾರಣ’ ಎಂಬ ಮಾತಿನಲ್ಲಿ ಸೇರಿಸುತ್ತೇನೆ. ಯುದ್ಧ ನಮ್ಮ ಕೈಯಲ್ಲಿರಲಿಲ್ಲ. ಆದರೆ ಎಣ್ಣೆಯ ಬೆಲೆ ಏರಿದ್ದು ಎಣ್ಣೆ ಕೊಳ್ಳುವ ಎಲ್ಲ ದೇಶಗಳಿಗೂ. ಎಲ್ಲರೂ ಚಿನ್ನವನ್ನು ವಿಮಾನಕ್ಕೇರಿಸಲಿಲ್ಲ. ಕೈಯಲ್ಲಿ ನಾಲ್ಕು ಕಾಸು ಉಳಿಸಿಕೊಳ್ಳದೆ ಹೋದದ್ದು ‘ಹೊಣೆ’ಯ ಮಾತು, ತಿಳಿದವರು, ತಡೆಯುವ ಅಧಿಕಾರವಿದ್ದವರು, ಚುನಾವಣೆಯ ಭಯದಿಂದ ಸುಮ್ಮನಿದ್ದದ್ದು ‘ತಪ್ಪಿ’ನ ಮಾತು. ಎಲ್ಲರೂ ತಪ್ಪಿತಸ್ಥರೇ ಎಂದು ಕೈ ತೊಳೆದುಕೊಳ್ಳುವ ವೈರಾಗ್ಯ ನನಗೆ ಹಿಡಿಸುವುದಿಲ್ಲ. ಹೊಸ ಸಂಬಳ ಪಡೆದ ಗುಮಾಸ್ತನ ಹೊಣೆಯೂ ಅದಕ್ಕೆ ಸಹಿ ಹಾಕಿದ ಮಂತ್ರಿಯ ಹೊಣೆಯೂ ಒಂದೇ ತೂಕದ್ದಲ್ಲ.

ಇನ್ನು ಪಾರಾದ ಬಗೆ. ಮೊದಲು ಮಾಡಿದ್ದು ಆಮದನ್ನು ಬಿಗಿಹಿಡಿದದ್ದು. ಸಾಮಾನು ತರಿಸುವವರು ಬ್ಯಾಂಕಿನಲ್ಲಿ ಮುಂಗಡವಾಗಿ ಕಟ್ಟಬೇಕಾದ ಹಣವನ್ನು 1990ರ ಅಕ್ಟೋಬರಿನಲ್ಲಿ ಬೆಲೆಯ ಶೇಕಡ 50 ಎಂದು ಇಟ್ಟು, 1991ರ ಏಪ್ರಿಲಿಗೆ ಶೇಕಡ 200ಕ್ಕೆ ಏರಿಸಿದರು. ನೂರು ರೂಪಾಯಿಯ ಸಾಮಾನಿಗೆ ಇನ್ನೂರು ರೂಪಾಯಿ ಮುಂಗಡ! ಸಣ್ಣ ಕಾರ್ಖಾನೆಯವರು ಉಸಿರು ಕಟ್ಟಿ ಕುಳಿತರು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ ಸಾಲ ಬಂತು, ಅದರ ಹಿಂದೆ ಅದರ ಷರತ್ತುಗಳೂ ಬಂದವು. ಜುಲೈ 24ರ ಮುಂಗಡಪತ್ರ, ಅದೇ ದಿನದ ಹೊಸ ಕೈಗಾರಿಕಾ ನೀತಿ, ಪರವಾನಗಿ ಪದ್ಧತಿಯ ಅಂತ್ಯ, ಇವುಗಳ ವಿಷಯ ಬೇಕಾದಷ್ಟು ಗ್ರಂಥಗಳಿವೆ. ನಾನು ಅಲ್ಲಿ ನಿಲ್ಲುವುದಿಲ್ಲ. ಆ ಮುಂಗಡಪತ್ರದಲ್ಲಿ ರಸಗೊಬ್ಬರದ ಬೆಲೆ ಶೇಕಡ 40ರಷ್ಟು ಏರಿತು; ಗದ್ದಲವಾಗಿ ಅದನ್ನು 30ಕ್ಕೆ ಇಳಿಸಿ, ಸಣ್ಣ ಹಿಡುವಳಿದಾರರಿಗೆ ವಿನಾಯಿತಿ ಎಂದರು. ಅಡಿಗೆ ಅನಿಲದ ಬೆಲೆಯೂ ಏರಿತು. ಬೆಲೆಯೇರಿಕೆಯ ವೇಗ ಆ ಆಗಸ್ಟಿನಲ್ಲಿ ಶೇಕಡ 16ನ್ನು ಮೀರಿತು. ಸರ್ಕಾರ ಖರ್ಚು ಕಡಿತ ಮಾಡಿದ್ದೇನೋ ನಿಜ. ಆದರೆ ಮುಂದಿನ ವರ್ಷಗಳಲ್ಲಿ ಆ ಕತ್ತರಿ ಹೆಚ್ಚಾಗಿ ಬಿದ್ದದ್ದು ಬಂಡವಾಳ ವೆಚ್ಚದ ಮೇಲೆ, ಅಂದರೆ ನಾಳೆಗೆ ಫಲ ಕೊಡಬೇಕಾದ ಕೆಲಸಗಳ ಮೇಲೆ. ಬಡ್ಡಿಯನ್ನೂ ಸಂಬಳವನ್ನೂ ಕಡಿಯಲಾಗದು. ಕಟ್ಟದ ಸೇತುವೆ ಬಂದು ಮುಷ್ಕರ ಹೂಡುವುದಿಲ್ಲವಷ್ಟೆ. ನಮ್ಮ ತಂದೆಯವರು ಇದನ್ನು ಎತ್ತು ಮಾರಿದರು ಎನ್ನುತ್ತಿದ್ದರೋ ಏನೋ.

ನನ್ನ ಮನಸ್ಸಿಗೆ ಒಗ್ಗದ್ದು ಇನ್ನೊಂದು ಇದೆ, ಗುಟ್ಟು. ಚಿನ್ನ ಹೋಗುತ್ತಿರುವುದು ಜನರಿಗೆ ತಿಳಿದದ್ದು ಸರ್ಕಾರದ ಬಾಯಿಂದಲ್ಲ, ಇಂಗ್ಲಿಷ್ ದಿನಪತ್ರಿಕೆಯೊಂದರ ವರದಿಯಿಂದ. ರೂಪಾಯಿಯ ಬೆಲೆ ಇಳಿಸುವುದನ್ನು ಮುಂಚಿತವಾಗಿ ಸಾರುವಂತಿಲ್ಲ. ಸಾರಿದರೆ ಲಾಭಕೋರರಿಗೆ ಔತಣ. ಚಿನ್ನದ ಗಾಡಿ ಹೊರಡುವ ಗಳಿಗೆಯನ್ನೂ ಸಾರಬೇಕಿಲ್ಲ. ಆದರೆ ‘ಸ್ಥಿತಿ ಹೀಗಿದೆ, ಅಡವಿಡದೆ ಗತಿಯಿಲ್ಲ, ಇಂಥ ಕಾಲಕ್ಕೆ ಬಿಡಿಸಿಕೊಳ್ಳುತ್ತೇವೆ’ ಎಂದು ಮೊದಲೇ ಹೇಳಲು ಏನಡ್ಡಿಯಿತ್ತು? ಸಾಲ ಕೊಟ್ಟವರು ಬೆದರುತ್ತಿದ್ದರು ಎಂದು ಬಲ್ಲವರು ಹೇಳುತ್ತಾರೆ. ಸಾಲ ಕೊಟ್ಟವರಿಗೆ ನಮ್ಮ ಸ್ಥಿತಿ ನಮಗಿಂತ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ನಾವು. 1962ರಲ್ಲಿ ಚೀನಾದ ಯುದ್ಧವಾದಾಗ ಸರ್ಕಾರ ಬಾಯಿಬಿಟ್ಟು ಕೇಳಿತ್ತು. ದೇಶದ ಹೆಣ್ಣುಮಕ್ಕಳು ಕಿವಿಯ ಓಲೆ, ಕೈಯ ಬಳೆ ಬಿಚ್ಚಿ ರಕ್ಷಣಾ ನಿಧಿಗೆ ಕೊಟ್ಟರು. ನಮ್ಮ ತಾಯಿಯವರು ಆ ದಿನಗಳನ್ನು ನೆನೆಸಿಕೊಂಡು ಹೇಳುತ್ತಿದ್ದಾಗ ಅವರ ದನಿಯಲ್ಲಿ ಅವಮಾನವಿರಲಿಲ್ಲ, ಹೆಮ್ಮೆಯಿತ್ತು. ಹೋದದ್ದು ಅದೇ ಚಿನ್ನ. ಒಮ್ಮೆ ಕೇಳಿ ತೆಗೆದುಕೊಂಡರು, ಒಮ್ಮೆ ಹೇಳದೆ ಒಯ್ದರು.

ಸಂಕಟ ದಾಟಿದ ಮೇಲೆ ಮಾಡಿದ ಒಂದು ಕೆಲಸವನ್ನು ಮಾತ್ರ ಮೆಚ್ಚಲೇಬೇಕು. ಸಿ. ರಂಗರಾಜನ್ ಅವರ ಅಧ್ಯಕ್ಷತೆಯ ಉನ್ನತ ಸಮಿತಿಯೊಂದು 1993ರಲ್ಲಿ ವರದಿ ಕೊಟ್ಟಿತು. ಅದು ಯಾರ ಹೆಸರನ್ನೂ ಕಟಕಟೆಗೆ ಏರಿಸಲಿಲ್ಲ. ಎಲ್ಲಿ ಸೋರಿತೆಂಬುದನ್ನು ಮಾತ್ರ ತೋರಿಸಿತು: ಅಲ್ಪಾವಧಿಯ ವಿದೇಶೀ ಸಾಲವನ್ನು ಹದ್ದಿನಲ್ಲಿಡಿ, ವಿದೇಶೀ ನಾಣ್ಯದ ದಾಸ್ತಾನು ಮೂರು ತಿಂಗಳ ಆಮದಿಗಾದರೂ ಸಾಲುವಂತಿರಲಿ ಎಂದು ಹೇಳಿತು. ಆ ಮಾತನ್ನು ಬಹುಮಟ್ಟಿಗೆ ಪಾಲಿಸಿದ್ದರಿಂದಲೇ 1997ರಲ್ಲಿ ಥಾಯ್ಲೆಂಡ್, ಇಂಡೋನೇಷ್ಯ, ಕೊರಿಯಗಳು ಕುಸಿದಾಗ ನಮಗೆ ಅಷ್ಟು ಪೆಟ್ಟು ತಗಲಲಿಲ್ಲ. ನಮ್ಮ ತಂದೆಯವರೂ ಸರ ಬಿಡಿಸಿಕೊಂಡ ಮೇಲೆ ಒಂದು ದಿನ ಕುಳಿತು, ಯಾರ ಮದುವೆಗೆಷ್ಟು, ಪಂಪುಸೆಟ್ಟಿಗೆಷ್ಟು ಎಂದು ಬರೆದಿಟ್ಟಿದ್ದರು. ದೊಡ್ಡಪ್ಪನವರ ಮಕ್ಕಳೊಡನೆ ಆಸ್ತಿ ಹಂಚಿಕೆಯಾದಾಗ ಒಂದು ಮಾತಿನ ಜಗಳವೂ ಆಗದಂತೆ ಕಾಪಾಡಿದ್ದು ಆ ಲೆಕ್ಕ. ‘ಆಮೇಲೆ ನೋಡೋಣ’ ಎಂದದ್ದನ್ನು ಅವರು ಮರೆತಿರಲಿಲ್ಲ. ಹೊಣೆಯ ಪ್ರಶ್ನೆಯನ್ನು ಸಂಕಟದ ನಡುವೆ ಕೇಳಿದರೆ ಜಗಳಕ್ಕಷ್ಟೇ ಆಯಿತು; ಸಂಕಟ ಮುಗಿದ ಮೇಲೆ ಕೇಳದಿದ್ದರೆ ಅದೇ ಸಾಲ ಮತ್ತೆ ಬಾಗಿಲಿಗೆ ಬರುತ್ತದೆ. ಸರ್ಕಾರಗಳಿಗೆ ಈ ಎರಡನೆಯದು ಬೇಡ. ಆಗ ಹಬ್ಬ ಮತ್ತೆ ಶುರುವಾಗಿರುತ್ತದೆ.

ಚಿನ್ನದ ಮಾತು ಬಂದಾಗ ಕನ್ನಡ ನಾಡಿನವರಿಗೆ ಕೋಲಾರದ ಗಣಿಯ ನೆನಪಾಗದೆ ಇರದು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹರಿದದ್ದು ಆ ಗಣಿಗೆ. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಮೂರು ನಾಲ್ಕು ತಲೆಮಾರಿನವರು ಚಿನ್ನ ತೆಗೆದರು. ಅದಿರಿನಲ್ಲಿ ಚಿನ್ನದ ಅಂಶ ತಗ್ಗಿ ಗಣಿ ಬಹುಕಾಲದಿಂದ ನಷ್ಟದಲ್ಲಿತ್ತು. ಅದರ ಅವಸಾನಕ್ಕೆ 1991 ಒಂದೇ ಕಾರಣವೆಂದು ಹೇಳಿದರೆ ನಾನೂ ಗೊಂದಲ ಮಾಡಿದಂತಾಗುತ್ತದೆ. ಆದರೆ ನಷ್ಟದ ಸರ್ಕಾರಿ ಉದ್ಯಮಗಳನ್ನು ಇನ್ನು ಸಾಕಲಾಗದೆಂಬ ತೀರ್ಮಾನ ಆ ಸಂಕಟದಿಂದ ಹುಟ್ಟಿದ್ದು. 1992ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆ ರೋಗಗ್ರಸ್ತ ಕೈಗಾರಿಕೆಗಳ ಮಂಡಳಿಯ ಮುಂದೆ ಹೋಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಎಂಬತ್ತರ ದಶಕದ ಹಬ್ಬದಲ್ಲಿ ಆ ಕಾರ್ಮಿಕರ ಎಲೆಗೆ ಬಡಿಸಿದ್ದು ಎಷ್ಟೆಂಬುದನ್ನು ಯಾರೂ ಲೆಕ್ಕವಿಟ್ಟಂತೆ ಕಾಣೆ.

ಲಂಡನ್ನಿಗೆ ಹೋದ ಚಿನ್ನವನ್ನು ಸಾಲ ತೀರಿಸಿ ಆ 1991ರ ಕೊನೆಯ ಹೊತ್ತಿಗೇ ಅಡವಿನಿಂದ ಬಿಡಿಸಿಕೊಂಡದ್ದಾಯಿತು. 2009ರಲ್ಲಿ ಅದೇ ಹಣಕಾಸು ನಿಧಿಯಿಂದ ನಮ್ಮ ರಿಸರ್ವ್ ಬ್ಯಾಂಕು 200 ಟನ್ ಚಿನ್ನವನ್ನು ಕೊಂಡಿತು. ಬ್ರಿಟನ್ನಿನಲ್ಲಿ ಇರಿಸಿದ್ದ ನಮ್ಮ ಚಿನ್ನದಲ್ಲಿ ಸುಮಾರು 100 ಟನ್ನನ್ನು ದೇಶದೊಳಕ್ಕೆ ತಂದ ಸುದ್ದಿ 2024ರಲ್ಲಿ ಬಂದಾಗ ಪತ್ರಿಕೆಗಳು ಸಂಭ್ರಮದಿಂದ ಬರೆದವು. ಕೋಲಾರ ಗಣಿಯ ಊರಿನಿಂದ, ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಳಗಿನ ರೈಲು ಹತ್ತಿ, ಗಣಿ ಕಾರ್ಮಿಕರ ಮಕ್ಕಳು ದಿನವೂ ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ಹಿಂದಿರುಗುತ್ತಾರೆ.